ಮೀನು ಬಿಡುವ ಮೊದಲು ತೊಟ್ಟಿ ಪಳಗಲಿ

(ಅಲಂಕಾರಿಕ ಮೀನು ಸಾಕಣೆಯಲ್ಲಿ ಆಸಕ್ತರಾದ ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೇಸಾಯದ ಜೊತೆಗೆ ಉಪಕಸುಬಾಗಿ ಅಲಂಕಾರಿಕ ಮೀನು ಸಾಕುವುದು ಈಗ ಹಳ್ಳಿಗಳಿಗೂ ಬಂದಿದೆ. ಹಿತ್ತಲಲ್ಲಿ ನಾಲ್ಕಾರು ಸಿಮೆಂಟ್ ತೊಟ್ಟಿ, ಜಗುಲಿಯಲ್ಲಿ ಒಂದೆರಡು ಗಾಜಿನ ತೊಟ್ಟಿ ಇದ್ದರೆ ಗಪ್ಪಿ, ಮೋಲಿ, ಪ್ಲಾಟಿ, ಗೋಲ್ಡ್ ಫಿಶ್ ಮುಂತಾದವನ್ನು ಬೆಳೆಸಿ ಪಟ್ಟಣದ ಅಂಗಡಿಗಳಿಗೆ ಮಾರಬಹುದು. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಇಂತಹ ಹಿತ್ತಲ ಘಟಕಗಳನ್ನೂ ಸಹಾಯಧನಕ್ಕೆ ಸೇರಿಸಲಾಯಿತು. ಆದರೆ ಈ ಕಸುಬಿಗೆ ಹೊಸದಾಗಿ ಕೈಹಾಕಿದವರಿಗೆ ಮೊದಲ ತಿಂಗಳಲ್ಲಿಯೇ ಒಂದು ದೊಡ್ಡ ಪೆಟ್ಟು ಬೀಳುವುದುಂಟು.

ತೊಟ್ಟಿ ಹೊಸದು, ನೀರು ಶುದ್ಧ, ಮೀನೂ ಆರೋಗ್ಯವಾದದ್ದು. ಮೂರು ನಾಲ್ಕು ದಿನ ಎಲ್ಲವೂ ಸರಿಯಾಗಿರುತ್ತದೆ. ಅನಂತರ ಮೀನುಗಳು ಮೇವು ಮುಟ್ಟುವುದಿಲ್ಲ. ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತವೆ. ಒಂದೆರಡು ವಾರಗಳೊಳಗೆ ಒಂದೊಂದಾಗಿ ಸಾಯುತ್ತವೆ. ನೀರು ನೋಡಿದರೆ ತಿಳಿಯಾಗಿಯೇ ಇರುತ್ತದೆ. ಮೀನು ಮಾರಿದವರು ಮೋಸ ಮಾಡಿದರೆಂದು ಕೆಲವರು ಬೈದುಕೊಳ್ಳುತ್ತಾರೆ. ಇನ್ನು ಕೆಲವರು ರೋಗವೆಂದು ತಿಳಿದು ನೀರನ್ನೆಲ್ಲ ಚೆಲ್ಲಿ, ತೊಟ್ಟಿ, ಜಲ್ಲಿ, ಸ್ಪಂಜು ಎಲ್ಲವನ್ನೂ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆದು, ಮತ್ತೆ ಹಣ ಕೊಟ್ಟು ಮೀನು ತಂದು ಬಿಡುತ್ತಾರೆ. ಮತ್ತೆ ಅದೇ ಕಥೆಯಾಗುತ್ತದೆ.

ಇಂತಹ ಸಾವಿಗೆ ಬಹುಮಟ್ಟಿಗೆ ರೋಗ ಕಾರಣವಲ್ಲ. ತೊಟ್ಟಿ ಇನ್ನೂ ಪಳಗಿಲ್ಲದಿರುವುದೇ ಕಾರಣ. ಹೊಸ ಕಾವಲಿಯನ್ನು ಪಳಗಿಸದೆ ಯಾರೂ ದೋಸೆ ಹುಯ್ಯುವುದಿಲ್ಲ. ಅದೇ ರೀತಿ ಹೊಸ ತೊಟ್ಟಿಯನ್ನೂ ನಾಲ್ಕರಿಂದ ಆರು ವಾರ ಪಳಗಿಸಿ ಅನಂತರ ಮೀನು ಬಿಡಬೇಕು. ಹಾಗೆಂದರೇನು, ಅದನ್ನು ಮಾಡುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಣ್ಣಿಗೆ ಕಾಣದ ವಿಷ

ಮೀನು ತಿಂದ ಮೇವಿನಲ್ಲಿರುವ ಸಸಾರಜನಕದ (ಪ್ರೋಟೀನಿನ) ಒಂದು ಭಾಗ ಮೈಗೆ ಹತ್ತುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಮೇವು ಮತ್ತು ಹಿಕ್ಕೆ ಕೊಳೆತಾಗಲೂ ಅಮೋನಿಯಾ ಬರುತ್ತದೆ. ಶೇಕಡಾ 35ರಷ್ಟು ಪ್ರೋಟೀನ್ ಇರುವ 100 ಗ್ರಾಂ ಮೇವಿನಿಂದ ಸುಮಾರು 3 ಗ್ರಾಂ ಅಮೋನಿಯಾ ಸಾರಜನಕ ನೀರಿಗೆ ಸೇರುತ್ತದೆಂಬುದು ಸಾಮಾನ್ಯ ಲೆಕ್ಕ.

ಒಂದು ಉದಾಹರಣೆ ನೋಡಬಹುದು. 500 ಲೀಟರಿನ ತೊಟ್ಟಿಯೊಂದಕ್ಕೆ ದಿನಕ್ಕೆ 10 ಗ್ರಾಂ ಮೇವು ಹಾಕಿದರೆ 0.3 ಗ್ರಾಂ ಅಮೋನಿಯಾ ಸಾರಜನಕ ಬಂದಂತಾಯಿತು. ಅಂದರೆ ಲೀಟರಿಗೆ ಸುಮಾರು 0.6 ಮಿಲಿಗ್ರಾಂ. ಅದು ಎಲ್ಲಿಯೂ ಹೋಗದೆ ಉಳಿದರೆ ಮೂರು ನಾಲ್ಕು ದಿನಗಳಲ್ಲಿ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಮೀನು ಮಂಕಾಗುವುದು ಈ ಹೊತ್ತಿಗೆ.

ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ರೂಪ ಅಷ್ಟೊಂದು ಕೆಡುಕು ಮಾಡುವುದಿಲ್ಲ. ಬಿಡಿ ಅಮೋನಿಯಾ ಮಾತ್ರ ಕಿವಿರುಗಳನ್ನು ಸುಡುತ್ತದೆ. ಯಾವ ರೂಪ ಎಷ್ಟಿರಬೇಕೆಂಬುದನ್ನು ನೀರಿನ ರಸಸಾರ (ಪಿ.ಎಚ್.) ನಿರ್ಧರಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನ ರಸಸಾರ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇಕಡಾ 1ಕ್ಕಿಂತಲೂ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ. ರಸಸಾರ 8 ಆದರೆ ಇದು ಶೇಕಡಾ 5ಕ್ಕೆ ಏರುತ್ತದೆ. 9 ಆದರೆ ಶೇಕಡಾ 36ರಷ್ಟಾಗುತ್ತದೆ. ಬಯಲುಸೀಮೆಯ ಅನೇಕ ಕೊಳವೆ ಬಾವಿಗಳ ನೀರು ಗಡಸಾಗಿದ್ದು ರಸಸಾರ 7.5ರಿಂದ 8ರ ಮೇಲೂ ಇರುತ್ತದೆ. ಆದುದರಿಂದ ಇಲ್ಲಿ ಹೆಚ್ಚಿನ ಎಚ್ಚರಿಕೆ ಅವಶ್ಯ.

ಹೊಲದಲ್ಲಿ ನಡೆಯುವುದೇ ತೊಟ್ಟಿಯಲ್ಲಿಯೂ

ಬೆಳೆಗೆ ಮೇಲುಗೊಬ್ಬರವಾಗಿ ಅಮೋನಿಯಂ ಸಲ್ಫೇಟ್ ಕೊಟ್ಟರೆ ಅದು ಕೆಲವು ವಾರಗಳಲ್ಲಿ ನೈಟ್ರೇಟಾಗಿ ಮಾರ್ಪಡುತ್ತದೆಂಬುದು ರೈತರಿಗೆ ತಿಳಿದ ವಿಷಯ. ಈ ಕೆಲಸ ಮಾಡುವವು ಮಣ್ಣಿನಲ್ಲಿರುವ ಅಣುಜೀವಿಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟಾಗಿ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟಾಗಿ ಬದಲಾಯಿಸುತ್ತವೆ. ಮೀನಿನ ತೊಟ್ಟಿಯನ್ನು ಕಾಯುವವೂ ಇವೇ ಬಗೆಯ ಜೀವಿಗಳು.

ಇದು ಜೀವಿಗಳ ಕೆಲಸವೆಂದು ಮೊದಲು ತೋರಿಸಿಕೊಟ್ಟವರು ಫ್ರಾನ್ಸ್ ದೇಶದ ಶ್ಲೊಸಿಂಗ್ ಮತ್ತು ಮ್ಯೂಂಟ್ಸ್ ಎಂಬ ವಿಜ್ಞಾನಿಗಳು. 1877ರಲ್ಲಿ ಅವರು ಕೊಳವೆಯೊಂದರಲ್ಲಿ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ, ಅದರ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಹಾಯಿಸಿದರು. ಸುಮಾರು 20 ದಿನಗಳವರೆಗೆ ಯಾವ ಬದಲಾವಣೆಯೂ ಆಗಲಿಲ್ಲ. ಹಾಕಿದ ಅಮೋನಿಯಾ ಹಾಗೆಯೇ ಹೊರಬರುತ್ತಿತ್ತು. ಅನಂತರ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರಂ ಆವಿ ಹಾಯಿಸಿದಾಗ ಕೆಲಸ ನಿಂತಿತು. ಮಣ್ಣು ತೊಳೆದ ನೀರನ್ನು ಸ್ವಲ್ಪ ಹಾಕಿದಾಗ ಮತ್ತೆ ಆರಂಭವಾಯಿತು. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ 20 ದಿನ ಕಾಯಬೇಕಾಗಿರಲಿಲ್ಲ, ಕ್ಲೋರೋಫಾರಂಗೆ ನಿಲ್ಲಬೇಕಾಗಿಯೂ ಇರಲಿಲ್ಲ. 1890ರಲ್ಲಿ ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಈ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದರು. ಮೀನಿನ ತೊಟ್ಟಿಯಲ್ಲಿ ಎರಡನೆಯ ಕೆಲಸ ಮಾಡುವುದು ನೈಟ್ರೊಬ್ಯಾಕ್ಟರ್ ಎಂದು ಬಹುಕಾಲ ನಂಬಲಾಗಿತ್ತು. ಸಿಹಿನೀರಿನ ತೊಟ್ಟಿಗಳಲ್ಲಿ ಮುಖ್ಯವಾಗಿರುವುದು ನೈಟ್ರೊಸ್ಪೈರ ಎಂಬ ಗುಂಪೆಂದು 1998ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು.

ಆ 20 ದಿನಗಳ ಕಾಯುವಿಕೆಯೇ ಹೊಸ ತೊಟ್ಟಿಯ ಸಮಸ್ಯೆ. ಹೊಲದ ಮಣ್ಣಿನಲ್ಲಿ ಈ ಜೀವಿಗಳು ಮೊದಲೇ ಹೇರಳವಾಗಿರುತ್ತವೆ. ಹೊಸ ತೊಟ್ಟಿಯಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಹಾಲು ಹುಳಿ ಮಾಡುವಂತಹ ಜೀವಿಗಳು ಅರ್ಧ ಗಂಟೆ, ಒಂದು ಗಂಟೆಯಲ್ಲಿ ಇಮ್ಮಡಿಯಾದರೆ, ಇವು ಇಮ್ಮಡಿಯಾಗಲು ಸುಮಾರು ಒಂದು ದಿನ ಬೇಕು. ಅಷ್ಟರಲ್ಲಿ ಮೀನು ಬಿಟ್ಟರೆ ವಿಷ ಮುಂದೆ, ಜೀವಿಗಳು ಹಿಂದೆ.

ಇನ್ನೂ ಒಂದು ತೊಡಕಿದೆ. ಮೊದಲ ಗುಂಪು ಬೆಳೆದು ಅಮೋನಿಯಾ ಇಳಿಯುವಾಗ ನೈಟ್ರೈಟ್ ಏರುತ್ತದೆ. ಇದೂ ವಿಷವೇ. ಇದು ಮೀನಿನ ರಕ್ತಕ್ಕೆ ಸೇರಿ, ಆಮ್ಲಜನಕ ಹೊರುವ ಶಕ್ತಿಯನ್ನು ಕುಗ್ಗಿಸುತ್ತದೆ. ರಕ್ತ ಮತ್ತು ಕಿವಿರು ಕಂದು ಬಣ್ಣಕ್ಕೆ ತಿರುಗುತ್ತವೆ. ಗಾಳಿ ಪಂಪು ಓಡುತ್ತಿದ್ದರೂ ಮೀನು ಉಸಿರಿಗೆ ಪರದಾಡುತ್ತದೆ. ಮೊದಲ ವಾರ ಉಳಿದ ಮೀನು ಮೂರನೆಯ ವಾರದಲ್ಲಿ ಸಾಯುವುದು ಇದರಿಂದಲೇ. ಕೊನೆಯಲ್ಲಿ ಉಳಿಯುವ ನೈಟ್ರೇಟ್ ಮಾತ್ರ ಮಿತಿಯಲ್ಲಿದ್ದರೆ ಮೀನಿಗೆ ತೊಂದರೆ ಕೊಡುವುದಿಲ್ಲ.

ಸಿಮೆಂಟ್ ತೊಟ್ಟಿಗೆ ಮೊದಲ ಸಂಸ್ಕಾರ

ಹೊಸ ಸಿಮೆಂಟ್ ತೊಟ್ಟಿ ನೀರಿಗೆ ಸುಣ್ಣದ ಕ್ಷಾರವನ್ನು ಬಿಡುತ್ತದೆ. ರಸಸಾರ 10ರ ಮೇಲೂ ಹೋಗಬಹುದು. ಅಂತಹ ನೀರಿನಲ್ಲಿ ಮೀನೂ ಬದುಕದು, ಅಣುಜೀವಿಗಳೂ ಬೆಳೆಯಲಾರವು. ತೊಟ್ಟಿಗೆ ನೀರು ತುಂಬಿ, ಕೊಚ್ಚಿದ ಬಾಳೆ ದಿಂಡು ಅಥವಾ ಸಗಣಿ ಬಗ್ಗಡ ಹಾಕಿ ನಾಲ್ಕೈದು ದಿನ ಬಿಟ್ಟು ಖಾಲಿ ಮಾಡಬೇಕು. ಹೀಗೆ ಮೂರು ನಾಲ್ಕು ಬಾರಿ ಮಾಡಿ, ಕೊನೆಗೆ ಚೆನ್ನಾಗಿ ತಿಕ್ಕಿ ತೊಳೆಯಬೇಕು. ಹೊಸ ನೀರು ತುಂಬಿ ಎರಡು ದಿನ ಬಿಟ್ಟು ನೋಡಿದಾಗ ರಸಸಾರ 8.5ಕ್ಕಿಂತ ಕೆಳಗಿದ್ದರೆ ತೊಟ್ಟಿ ಮುಂದಿನ ಕೆಲಸಕ್ಕೆ ಸಿದ್ಧವಾಯಿತೆಂದು ತಿಳಿಯಬಹುದು. ಗಾಜಿನ ತೊಟ್ಟಿಗೆ ಇದು ಬೇಕಿಲ್ಲ.

ಪಳಗಿಸುವ ಕ್ರಮ

1. ತೊಟ್ಟಿಯನ್ನು ನೆರಳಿನಲ್ಲಿಡಿ. ಈ ಅಣುಜೀವಿಗಳಿಗೆ ಪ್ರಖರ ಬೆಳಕು ಒಗ್ಗುವುದಿಲ್ಲ.

2. ನಲ್ಲಿ ನೀರಾದರೆ ಅದರಲ್ಲಿರುವ ಕ್ಲೋರಿನ್ ಹೋಗುವಂತೆ ಅಗಲ ಬಾಯಿಯ ತೊಟ್ಟಿಯಲ್ಲಿ ಒಂದು ದಿನವಿಡೀ ಗಾಳಿ ಹಾಯಿಸಿ. ಕೊಳವೆ ಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಆದುದರಿಂದ ಅದಕ್ಕೂ ಹೀಗೆಯೇ ಒಂದು ದಿನ ಗಾಳಿ ಕೊಡಬೇಕು.

3. ಗಾಳಿ ಪಂಪಿಗೆ ಸ್ಪಂಜಿನ ಫಿಲ್ಟರ್ ಜೋಡಿಸಿ ಹಗಲು ರಾತ್ರಿ ಓಡಿಸಿ. ತೊಳೆದ ಸಣ್ಣ ಜಲ್ಲಿ ಅಥವಾ ಹೆಂಚಿನ ಚೂರುಗಳನ್ನು ತುಂಬಿದ ಡಬ್ಬಿಯ ಫಿಲ್ಟರ್ ಸಹ ಆಗಬಹುದು. ಈ ಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಸ್ಪಂಜು, ಜಲ್ಲಿ, ಗೋಡೆಗಳ ಮೇಲೆ ಅಂಟಿಕೊಂಡು ಬದುಕುತ್ತವೆ. ಫಿಲ್ಟರೇ ಅವುಗಳ ಮನೆ.

4. ಜೀವಿಗಳಿಗೆ ಆಹಾರವಾಗಿ ಅಮೋನಿಯಾ ಕೊಡಬೇಕು. 100 ಲೀಟರ್ ನೀರಿಗೆ 1 ಗ್ರಾಂ ಶುದ್ಧ ಅಮೋನಿಯಂ ಸಲ್ಫೇಟ್ ಕರಗಿಸಿ ಹಾಕಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯಾ ಸಾರಜನಕ ದೊರೆಯುತ್ತದೆ. 500 ಲೀಟರಿಗೆ 5 ಗ್ರಾಂ ಸಾಕು. ಇದಕ್ಕಿಂತ ಹೆಚ್ಚು ಹಾಕಿದರೆ ಬೇಗ ಆಗುತ್ತದೆಂಬುದು ತಪ್ಪು ತಿಳಿವಳಿಕೆ. ಅತಿಯಾದರೆ ಜೀವಿಗಳಿಗೇ ತೊಂದರೆ. ಯೂರಿಯಾ ಅಮೋನಿಯಾ ಆಗಲು ಸಮಯ ಹಿಡಿಯುವುದರಿಂದ ಲೆಕ್ಕ ಸಿಗುವುದಿಲ್ಲ. ಸಂಯುಕ್ತ ಗೊಬ್ಬರಗಳಿಂದ ಪಾಚಿ ಬೆಳೆಯುತ್ತದೆ. ಇವೆರಡನ್ನೂ ಬಳಸಬಾರದು. ರಂಜಕದ ಅಲ್ಪ ಅಗತ್ಯಕ್ಕೆ ಒಂದು ಚಿಟಿಕೆ ಮೀನಿನ ಮೇವು ಹಾಕಿದರೆ ಸಾಕು.

5. ಎರಡು ದಿನಕ್ಕೊಮ್ಮೆ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸಿ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಪೆಟ್ಟಿಗೆಗಳು ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುತ್ತವೆ. ಅಮೋನಿಯಾ ಸೊನ್ನೆಗೆ ಇಳಿದಾಗಲೆಲ್ಲ ಮತ್ತೆ ಅದೇ ಪ್ರಮಾಣ ಹಾಕಿ. ನೈಟ್ರೈಟ್ ಬಣ್ಣ ಪಟ್ಟಿಯ ತುದಿ ಮುಟ್ಟಿದರೆ ಕೆಲವು ದಿನ ಹಾಕುವುದನ್ನು ನಿಲ್ಲಿಸಿ.

ಮೊದಲ ದಿನಗಳಲ್ಲಿ ನೀರು ಹಾಲಿನಂತೆ ಮಬ್ಬಾಗಬಹುದು. ಇದು ಬೇರೆ ಜಾತಿಯ ಜೀವಿಗಳ ಆಟ. ತಾನಾಗಿಯೇ ತಿಳಿಯಾಗುತ್ತದೆ. ಆದರೆ ನೀರು ತಿಳಿಯಾಯಿತೆಂದು ತೊಟ್ಟಿ ಪಳಗಿತೆಂದು ಭಾವಿಸಬಾರದು. ಹಾಕಿದ ಪೂರ್ಣ ಪ್ರಮಾಣದ ಅಮೋನಿಯಾ 24 ಗಂಟೆಗಳೊಳಗೆ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆಯಾಗಿ, ನೈಟ್ರೇಟ್ ಕಾಣಿಸಿಕೊಂಡರೆ ಮಾತ್ರ ತೊಟ್ಟಿ ಪಳಗಿದೆ. ಇದೊಂದೇ ಸರಿಯಾದ ಗುರುತು. ನಮ್ಮ ಹವೆಯಲ್ಲಿ, ನೀರಿನ ಉಷ್ಣತೆ 25ರಿಂದ 30 ಡಿಗ್ರಿ ಇದ್ದಾಗ ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಚಳಿಗಾಲದಲ್ಲಿ ಹೆಚ್ಚು ಹಿಡಿಯುತ್ತದೆ.

ಹೆಪ್ಪು ಹಾಕಿದರೆ ಬೇಗ

ಕಾಯಿಸಿದ ಹಾಲು ಬರಿದೇ ಇಟ್ಟರೆ ಮೊಸರಾಗುವುದಿಲ್ಲ, ಹೆಪ್ಪು ಬೇಕು. ತೊಟ್ಟಿಗೂ ಹೆಪ್ಪು ಹಾಕಬಹುದು. ಚೆನ್ನಾಗಿ ನಡೆಯುತ್ತಿರುವ ಹಳೆಯ ತೊಟ್ಟಿಯ ಫಿಲ್ಟರಿನಿಂದ ಒಂದು ತುಂಡು ಸ್ಪಂಜನ್ನೋ ಒಂದೆರಡು ಹಿಡಿ ಜಲ್ಲಿಯನ್ನೋ ಒದ್ದೆಯಾಗಿಯೇ ತಂದು ಹೊಸ ಫಿಲ್ಟರಿನಲ್ಲಿಟ್ಟರೆ ಆರು ವಾರದ ಕೆಲಸ ಎರಡು ವಾರದಲ್ಲಿ ಮುಗಿಯಬಹುದು. ಹಳೆಯ ತೊಟ್ಟಿಯ ನೀರನ್ನು ಮಾತ್ರ ತಂದರೆ ಹೆಚ್ಚು ಪ್ರಯೋಜನವಿಲ್ಲ. ಜೀವಿಗಳು ಇರುವುದು ನೀರಿನಲ್ಲಲ್ಲ. ಹೆಪ್ಪಿನ ಜೊತೆಗೆ ರೋಗವೂ ಬರಬಹುದಾದ್ದರಿಂದ ರೋಗವಿಲ್ಲದ ತೊಟ್ಟಿಯಿಂದಲೇ ತರಬೇಕು. ಕೆರೆಯ ಕೆಸರನ್ನು ತರಬಾರದು. ಅಂಗಡಿಯಲ್ಲಿ ಸೀಸೆಯಲ್ಲಿ ಸಿಗುವ ಅಣುಜೀವಿಗಳ ಗುಣಮಟ್ಟ ಒಂದೇ ಸಮನಾಗಿರುವುದಿಲ್ಲ. ಹಾಕಿದರೂ ಪರೀಕ್ಷೆ ಮಾಡದೆ ಮೀನು ಬಿಡಬಾರದು.

ಹಲವು ತೊಟ್ಟಿಗಳನ್ನು ಮಾಡುವವರು ಮೊದಲು ಒಂದನ್ನು ಪೂರ್ತಿ ಪಳಗಿಸಿ, ಅದರಲ್ಲಿ ಹೆಚ್ಚುವರಿ ಸ್ಪಂಜುಗಳನ್ನು ಇಟ್ಟುಕೊಂಡರೆ ಉಳಿದ ತೊಟ್ಟಿಗಳಿಗೆ ಮನೆಯಲ್ಲಿಯೇ ಹೆಪ್ಪು ಸಿದ್ಧವಾದಂತೆ.

ಗಾಳಿ, ಸುಣ್ಣ ಮತ್ತು ವಿದ್ಯುತ್ತು

1 ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟಾಗಲು ನಾಲ್ಕೂವರೆ ಗ್ರಾಂನಷ್ಟು ಆಮ್ಲಜನಕ ಬೇಕು. ಜೊತೆಗೆ ಸುಮಾರು 7 ಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರತ್ವ ಖರ್ಚಾಗುತ್ತದೆ. ವರ್ಷವರ್ಷವೂ ಅಮೋನಿಯಂ ಸಲ್ಫೇಟ್ ಹಾಕಿದ ಹೊಲ ಹುಳಿಯಾಗುವುದು ಯಾವ ಕಾರಣದಿಂದಲೋ, ತೊಟ್ಟಿಯ ನೀರು ಹುಳಿಯಾಗುವುದೂ ಅದೇ ಕಾರಣದಿಂದ. ಮಲೆನಾಡು ಮತ್ತು ಕರಾವಳಿಯ ಬಾವಿಗಳ ಮೆದು ನೀರಿನಲ್ಲಿ ರಸಸಾರ 6ರ ಹತ್ತಿರಕ್ಕೆ ಕುಸಿದು, ಪಳಗುವ ಕ್ರಿಯೆ ನಡುವೆಯೇ ನಿಂತುಹೋಗಬಹುದು. ತೊಳೆದ ಚಿಪ್ಪುಗಳನ್ನು ಅಥವಾ ಸುಣ್ಣಕಲ್ಲಿನ ಚೂರುಗಳನ್ನು ಒಂದು ಬಟ್ಟೆ ಚೀಲದಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಟ್ಟರೆ ಈ ಕೊರತೆ ನೀಗುತ್ತದೆ. ಸುಟ್ಟ ಸುಣ್ಣವನ್ನು ಮಾತ್ರ ಹಾಕಬಾರದು.

ವಿದ್ಯುತ್ತು ಹೋಗಿ ಗಾಳಿ ನಿಂತರೆ ಫಿಲ್ಟರಿನೊಳಗಿನ ಜೀವಿಗಳಿಗೆ ಆಮ್ಲಜನಕ ಸಿಗದು. ಬಹಳ ಹೊತ್ತು ವಿದ್ಯುತ್ತಿಲ್ಲದ ಊರುಗಳಲ್ಲಿ ಬ್ಯಾಟರಿಯಿಂದ ಓಡುವ ಗಾಳಿ ಪಂಪೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಈ ಖರ್ಚು ಒಂದು ತೊಟ್ಟಿ ಮೀನಿನ ನಷ್ಟಕ್ಕಿಂತ ಕಡಿಮೆ.

ಮೀನು ಬಿಡುವುದು

ತೊಟ್ಟಿ ಪಳಗಿದ ಮೇಲೆ ಅರ್ಧಕ್ಕಿಂತ ಹೆಚ್ಚು ನೀರನ್ನು ತೆಗೆದು, ಗಾಳಿ ಹಾಯಿಸಿಟ್ಟ ಹೊಸ ನೀರು ತುಂಬಬೇಕು. ಇದರಿಂದ ಸಂಗ್ರಹವಾದ ನೈಟ್ರೇಟ್ ಇಳಿಯುತ್ತದೆ. ಹೊರತೆಗೆದ ನೀರನ್ನು ಚರಂಡಿಗೆ ಬಿಡದೆ ತರಕಾರಿ ಮಡಿಗೋ ತೆಂಗಿನ ಬುಡಕ್ಕೋ ಹಾಯಿಸಿದರೆ ಸಾರಜನಕ ವ್ಯರ್ಥವಾಗುವುದಿಲ್ಲ. ಮರುದಿನವೇ ಮೀನು ಬಿಡಬಹುದು. ಮೀನು ಬರುವುದು ತಡವಾದರೆ ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಅಮೋನಿಯಂ ಸಲ್ಫೇಟ್ ಹಾಕುತ್ತಿರಬೇಕು. ಇಲ್ಲದಿದ್ದರೆ ಬೆಳೆಸಿದ ಜೀವಿಗಳು ಹಸಿದು ಕ್ಷೀಣಿಸುತ್ತವೆ. ಆದರೆ ಮೀನು ಬಿಟ್ಟ ಮೇಲೆ ಯಾವ ಕಾರಣಕ್ಕೂ ಗೊಬ್ಬರ ಹಾಕಬಾರದು.

ತೊಟ್ಟಿಯ ಶಕ್ತಿಯನ್ನು ಮೀನಿನ ಸಂಖ್ಯೆಗಿಂತ ಮೇವಿನ ತೂಕದಿಂದ ಅಳೆಯುವುದು ಸರಿಯಾದ ಕ್ರಮ. ದಿನಕ್ಕೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ಅರಗಿಸಿಕೊಳ್ಳುವ 500 ಲೀಟರಿನ ತೊಟ್ಟಿ, ಮೇಲೆ ಹೇಳಿದ ಲೆಕ್ಕದಂತೆ ದಿನಕ್ಕೆ ಸುಮಾರು 30 ಗ್ರಾಂ ಮೇವನ್ನು ತಾಳಬಲ್ಲದು. ಇದು ಗರಿಷ್ಠ ಮಿತಿ. ಅದರ ಅರ್ಧಕ್ಕೆ ನಿಲ್ಲುವುದು ಕ್ಷೇಮ. ಮೊದಲ ವಾರ ಉದ್ದೇಶಿಸಿದ ಮೀನುಗಳಲ್ಲಿ ಮೂರನೆಯ ಒಂದು ಭಾಗ ಬಿಟ್ಟು, ಪರೀಕ್ಷೆ ಸರಿಯಿದ್ದರೆ ಉಳಿದವನ್ನು ಬಿಡಬಹುದು. ಕೆಲವು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮೇವನ್ನು ಮಾತ್ರ ಹಾಕಬೇಕು.

ಮುಂದೆ ಫಿಲ್ಟರಿನ ಸ್ಪಂಜು ಕಟ್ಟಿಕೊಂಡಾಗ ಅದನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಗುರವಾಗಿ ಹಿಂಡಿ ತೊಳೆಯಬೇಕು. ನಲ್ಲಿ ನೀರು, ಸಾಬೂನು, ಬ್ಲೀಚಿಂಗ್ ಪುಡಿ ತಾಗಿಸಬಾರದು. ಕಾಯಿಲೆ ಬಿದ್ದ ಮೀನಿಗೆ ಔಷಧಿಯನ್ನು ಬೇರೆ ಪಾತ್ರೆಯಲ್ಲಿ ಕೊಡಬೇಕು. ತೊಟ್ಟಿಗೇ ಸುರಿದರೆ ಕಾಯುವ ಜೀವಿಗಳೂ ಸಾಯಬಹುದು.

ಈಗಾಗಲೇ ಮೀನು ಬಿಟ್ಟಿದ್ದರೆ

ಪಳಗದ ತೊಟ್ಟಿಗೆ ಮೀನು ಬಿಟ್ಟು ತೊಂದರೆಗೆ ಸಿಕ್ಕಿದವರು ಎಲ್ಲವನ್ನೂ ತೊಳೆದು ಹಾಕಬಾರದು. ತೊಳೆದರೆ ಆಗತಾನೆ ನೆಲೆಯೂರುತ್ತಿದ್ದ ಜೀವಿಗಳೂ ಹೋಗಿ ಮೊದಲಿನಿಂದ ಎಣಿಸಬೇಕಾಗುತ್ತದೆ. ಒಂದೆರಡು ದಿನ ಮೇವು ನಿಲ್ಲಿಸಿ. ಗಾಳಿ ಹೆಚ್ಚಿಸಿ. ದಿನವೂ ಮೂರನೆಯ ಒಂದು ಭಾಗ ನೀರನ್ನು, ಕ್ಲೋರಿನ್ ಇಲ್ಲದ ನೀರಿನಿಂದ ಬದಲಾಯಿಸಿ. ನೈಟ್ರೈಟ್ ಕಂಡುಬಂದರೆ 100 ಲೀಟರಿಗೆ 100 ಗ್ರಾಂ ಅಡುಗೆ ಉಪ್ಪನ್ನು ಕರಗಿಸಿ ಹಾಕಿ. ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟು ಕಿವಿರಿನ ಮೂಲಕ ಒಳಸೇರುವುದನ್ನು ತಡೆಯುತ್ತದೆ. ಹೀಗೆ ಉಪ್ಪು ಹಾಕಿದ ನೀರನ್ನು ಮಾತ್ರ ಗಿಡಗಳಿಗೆ ಹಾಯಿಸಬೇಡಿ. ಹಳೆಯ ತೊಟ್ಟಿಯ ಸ್ಪಂಜು ಸಿಕ್ಕರೆ ಅದಕ್ಕಿಂತ ಉತ್ತಮ ಔಷಧಿ ಇಲ್ಲ.

ರೈತ ಬಾಂಧವರೇ, ಭೂಮಿ ಹದವಾಗುವ ಮುನ್ನ ಬೀಜ ಚೆಲ್ಲಿದರೆ ಬೀಜ, ದುಡಿಮೆ ಎರಡೂ ಹಾಳೆಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ತೊಟ್ಟಿಯ ಹದ ಕಣ್ಣಿಗೆ ಕಾಣುವುದಿಲ್ಲ, ಪರೀಕ್ಷೆಯ ಬಣ್ಣದಲ್ಲಿ ಕಾಣುತ್ತದೆ. ಸಾಲ ಮಾಡಿ ಕಟ್ಟಿದ ತೊಟ್ಟಿ ಖಾಲಿ ನಿಂತಿದೆಯೆಂಬ ಆತುರದಲ್ಲಿ ಮೀನು ತರುವವರು ಆರು ವಾರ ಉಳಿಸುವುದಿಲ್ಲ, ಮೀನಿನ ಹಣವನ್ನೂ ಕಳೆದುಕೊಂಡು ಆ ಆರು ವಾರವನ್ನೂ ಮತ್ತೆ ಕಾಯುತ್ತಾರೆ. ಆದಕಾರಣ ತೊಟ್ಟಿ ಕಟ್ಟುವ ದಿನವೇ ಲೆಕ್ಕ ಹಾಕಿ, ಪಳಗುವ ಅವಧಿಯನ್ನೂ ಸೇರಿಸಿ, ಅನಂತರದ ದಿನಕ್ಕೆ ಮೀನು ಬೇಕೆಂದು ಮಾರುವವರಿಗೆ ತಿಳಿಸುವುದು ಲಾಭದಾಯಕ ಕ್ರಮ.